ಫೋನೊಳಗಿನ ಒಂಟಿ ಸೋಬಾನೆ

ಪಾಂಡವಪುರ
೨೧-೨-೨೦೨೪, ಬುಧವಾರ

ನನ್ನ ಕೂಸು ರಂಜಿತಂಗೆ,

ನಿಮ್ಮಜ್ಜಿ ಬೆಟ್ಟಮ್ಮ ಗಟ್ಟಿಯಾಗವ್ಳೆ, ನಾಲಿಗೆ ಅದಕ್ಕಿಂತ ಗಟ್ಟಿಯಾಗದೆ. ನಾಗಮಂಗಲದಲ್ಲಿ ನೀನೂ ನಿನ್ನ ಗಂಡನೂ ಸುಖವಾಗಿದ್ದೀರಿ ಅಂದ್ಕೊಂಡಿವ್ನಿ. ಒಂದು ತಿಂಗಳಿಂದ ನೀನು ಫೋನು ಮಾಡಿದಾಗೆಲ್ಲ 'ಒಲೆ ಮೇಲೆ ಹಾಲಿಟ್ಟಿವ್ನಿ' ಅಂತ ಇಟ್ಬುಡ್ತಿದ್ದೆ. ಹಸವೇ ಇಲ್ಲದ ಮನೇಲಿ ಇಷ್ಟು ಹಾಲು ಎಲ್ಲಿಂದ ಬತ್ತದೆ ಅಂತ ನೀನೂ ಕೇಳ್ನಿಲ್ಲ. ತಪ್ಪಾಯ್ತು ಕಣವ್ವ. ಮೂರನೇ ಕ್ಲಾಸಿನ ಅಕ್ಷರ, ನಿಧಾನಕ್ಕೆ ಓದ್ಕೋ.

ನೀನು ಕೇಳಿದ್ದು ದೊಡ್ಡದೇನಲ್ಲ. ಸೀಮಂತದ ದಿನ ನಿಮ್ಮವ್ವ ಪ್ರಮೀಳನ ದನಿ ಕೇಳ್ಬೇಕು, ನೀವಿಬ್ರೂ ಹಾಡಿದ್ದ ಸೋಬಾನೆ ಕ್ಯಾಸೆಟ್ಟು ಕಳಿಸಜ್ಜಿ ಅಂದೆ. ನಿಂಗೆ ಮೂರು ವರ್ಷ ಆಗಿದ್ದಾಗ್ಲೇ ಅವಳು ಹೋದ್ಳು. ಮುಖಕ್ಕೆ ಫೋಟೋ ಅದೆ, ದನಿಗೆ ಏನೂ ಇಲ್ಲ. ಆ ಹಾಡು ತುಂಬಿಸುವಾಗ ನೀನು ಅವಳ ಹೊಟ್ಟೇಲಿದ್ದೆ. ನಾನು ಒಂದು ಸೊಲ್ಲು ಎತ್ತಿಕೊಟ್ರೆ ಅವಳು ಹಿಂದಿನಿಂದ ಅದನ್ನೇ ಹೇಳೋಳು. "ಅವ್ವ, ಏನು ಬಸ್ಸಿಡಿಯೋಕೆ ಓಡ್ತಿದ್ದೀಯಾ? ನಂಗೂ ಒಂದಿಷ್ಟು ಉಸಿರು ಬುಡು" ಅಂತ ಬೈಯೋಳು.

ಅಂಗಡಿ ಸುದ್ದಿ ಕೇಳ್ಬೇಡ. ನಿನ್ನ ಸೋದರಮಾವ ಚಲುವರಾಜು ಬೋರ್ಡಲ್ಲಿ ಕ್ಯಾಸೆಟ್ಟು ಅಂತ ಬರೆಸ್ಕೊಂಡು ಫೋನಿನ ಕವರು ಮಾರ್ತಾ ಅವ್ನೆ. ಮೊದಲು ಹೊಸ ಸಿನಿಮಾ ಹಾಡು ಬಂದ್ರೆ ಮೈಸೂರು ಬಸ್ಸಲ್ಲಿ ಡಬ್ಬ ಇಳಿಯೋದು. ಕರ್ಪೂರ ಹಚ್ಚಿ ಡಬ್ಬ ಬಿಚ್ಚೋನು, ಜನ ಮೆಟ್ಲ ಮೇಲೆ ನಿಂತಿರೋರು. ಈಗ ಹಾಡು ನೆಟ್ಟಗೆ ಎಲ್ರ ಜೇಬಿಗೇ ಇಳೀತದೆ. ನಮ್ಮ ಅಂಗಡಿ ಮುಂದೆಯೇ ಹಾಯ್ಕೊಂಡು ಹೋಗ್ತದೆ, ಒಳಕ್ಕೆ ಬರಾಕಿಲ್ಲ. ಮೂರು ಗೋಡೆ ತುಂಬ ಕ್ಯಾಸೆಟ್ಟು, ಸೀಡಿ. ನಾಲ್ಕನೇದು ಷಟ್ರು. ನಡುವೆ ನಾನೂ ಅವನೂ. ಗುಜರಿಯವನು ಬಂದು ನೋಡಿ, ನಕ್ಬುಟ್ಟು ಹೋದ. "ಮುಚ್ಬುಡ್ಲಾ" ಅಂದ್ರೆ, "ಮುಚ್ಚಿ ಎಲ್ಲಿಗೋಗ್ಲವ್ವ? ಐವತ್ತೆರಡು ವರ್ಷದವನ್ನ ಯಾರು ಕೂಗಿ ಕೆಲಸ ಕೊಡ್ತಾರೆ?" ಅಂತಾನೆ. ಬೆಳಗ್ಗೆ ಷಟ್ರು ಎತ್ತುವಾಗ ಅವನ ಮುಖ ನೋಡಾಕಾಗಲ್ಲ.

ನಮ್ಮ ಕ್ಯಾಸೆಟ್ಟು ಅಂಗಡೀಲಿ ಒಂದೂ ಉಳಿದಿಲ್ಲ. ಕೊಂಡವ್ರ ಮನೇಲಾದ್ರೂ ಇದ್ದೀತು ಅಂತ ಚಲುವ ಗಾಡಿ ತಕೊಂಡು ಊರೂರು ಸುತ್ತಿದ. ಚಿನಕುರಳಿ ಕುಳ್ಳಮ್ಮ, "ಅದಾ? ರೀಲು ಎಳೆದು ಜೋಳದ ಹೊಲಕ್ಕೆ ಕಟ್ಬುಟ್ಟೆ ಕಣಪ್ಪ, ಗಿಳಿ ಬೆದರ್ಲಿ ಅಂತ" ಅಂದ್ಲಂತೆ. ನಾನೇ ಹೊಲದಲ್ಲಿ ನಿಂತು ಹಾಡಿದ್ರೆ ಇನ್ನೂ ಬೇಗ ಓಡೋವು.

ಕೊನೆಗೆ ಕೆ.ಆರ್. ಪೇಟೆ ಸಂತೋಷನ್ನ ಫೋನಲ್ಲಿ ಹಿಡಿದ್ವಿ. ಆ ಹಾಡು ತುಂಬಿಸಿದ್ದು ಅವರಪ್ಪನೇ. "ಅಜ್ಜಿ, ನಿಮ್ಮ ಸೋಬಾನೇನ ಫೋನಿಗೆ ಬುಟ್ಟಿವ್ನಿ, ಲಕ್ಷ ಜನ ಕೇಳವ್ರೆ!" ಅಂದ. ಚಲುವ ಇನ್ನೊಂದು ಫೋನಲ್ಲಿ ಹಾಡು ಹಾಕ್ದ. ನನ್ನ ದನಿ ಒಂದು ಸೊಲ್ಲು ಎತ್ತಿತು. ಕಾದೆ ಕಣವ್ವ. ಪ್ರಮೀಳ ಬರ್ನಿಲ್ಲ. ಅಷ್ಟರಲ್ಲಿ ನಾನೇ ಮುಂದಲ ಸೊಲ್ಲಿಗೆ ಹೋಗ್ಬುಟ್ಟಿವ್ನಿ.

"ಹೇಳಿದ್ದೇ ಹೇಳಿದ್ರೆ ಈಗಿನವ್ರು ಕೇಳಾಕಿಲ್ಲ ಅಜ್ಜಿ, ಹಿಂದಿನ ದನೀನೆಲ್ಲ ಕತ್ತರಿಸ್ದೆ" ಅಂದ ಸಂತೋಷ.

"ಕತ್ತರಿಸಿದ್ದು ಕೊಡ್ಲಾ, ನಂಗೆ ಅದೇ ಸಾಕು."

"ಅಳಿಸೋಯ್ತು. ಹಳೇ ರೀಲು ಬೂಸ್ಟು ಹಿಡಿದಿತ್ತು, ಎಸೆದ್ವಿ."

"ನಿಮ್ಮಪ್ಪನೂ ಹೇಳಿದ್ದೇ ಹೇಳೋನು, ಅವನ ನಾಲಿಗೇನೂ ಕತ್ತರಿಸ್ದೇನ್ಲಾ?" ಅಂದೆ. ಫೋನು ಇಟ್ಬುಟ್ಟ.

ಈಗ ಅಂಗಡಿ ಮುಂದೆ ಹೋಗೋರೆಲ್ಲ "ಅಜ್ಜಿ, ನಿಮ್ಮ ಹಾಡು!" ಅಂತ ಫೋನು ಹಿಡಿದು ಹಲ್ಲು ಕಿರೀತಾರೆ. ಎದ್ದು ಹೋಗಾಕೆ ಮಂಡಿ ಬುಡಾಕಿಲ್ಲ. ಈ ಹಾಡು ಒಂದು ಸಾಮಾನಾದ್ರೂ ಆಗಿದ್ರೆ ನೆಲಕ್ಕೆ ಕುಕ್ಕಿ ಒಡೀತಿದ್ದೆ. ಇದ ಏನಂತ ಒಡೀಲಿ? ಸುಮ್ನೆ ಕೂತಿರ್ತೀನಿ, ಫೋನೊಳಗೆ ನಾನು ಒಂದೇ ಸಮ ಕೂಗ್ತಿರ್ತೀನಿ, ಯಾರೂ ಓಗೊಡಾಕಿಲ್ಲ.

ನೀನು ಭಾರ ಎತ್ಬೇಡ, ಹೊತ್ತೊತ್ತಿಗೆ ತಿನ್ನು. ಗಂಜಾಂ ನಿಮಿಷಾಂಬಂಗೆ ಹರಕೆ ಹೊತ್ತಿವ್ನಿ. ಹಸಿರು ಬಳೆ, ಸೀರೆ ಚಲುವನ ಕೈಲಿ ಕಳಿಸ್ತೀನಿ. ತಾಯಿ ಮಗು ಎರಡು ಜೀವ ಆಗಿ ನೂರು ವರ್ಷ ಬಾಳಿ.

ನಿನ್ನ ಬಾಯಿಬಡುಕಿ ಅಜ್ಜಿ,
ಬೆಟ್ಟಮ್ಮ

ಇದೊಂದು ಮಾತು ಮೇಲೆ ಬರೆಯೋಕಾಗ್ನಿಲ್ಲ. ನಿಮ್ಮವ್ವ ತೀರ್ಕೊಂಡ ವರ್ಷ ಅಂಗಡೀಲಿ ಎಂಬತ್ತು ಕ್ಯಾಸೆಟ್ಟು ಇನ್ನೂ ಇದ್ವು. ಮದುವೆ ಮನೆಯೋರು ಬಂದು ಅದನ್ನೇ ಹಾಕಿಸಿ ಕೇಳೋರು. ಅವಳು ಉಸಿರು ತಕೊಳ್ಳೋದೂ ಕೇಳ್ಸೋದು. ನಂಗೆ ತಡ್ಕಳಾಕಾಗ್ನಿಲ್ಲ. ಆಗ ಜನ ಸಿನಿಮಾ ಹಾಡಿನ ಪಟ್ಟಿ ತರೋರು, ನಿನ್ನ ಮಾವ ಖಾಲಿ ಕ್ಯಾಸೆಟ್ಟಿಗೆ ತುಂಬ್ಕೊಡೋನು. ಹಾಡಿರೋ ಕ್ಯಾಸೆಟ್ಟಾದ್ರೂ ಅದರ ನೆತ್ತಿ ಮೇಲಿನ ಎರಡು ತೂತಿಗೆ ಗಮ್‌ಟೇಪು ಅಂಟಿಸಿದ್ರೆ ಹಳೇದು ಅಳಿಸಿ ಹೊಸದು ಕೂತ್ಕೋತದೆ. "ನಮ್ಮವನ್ನೇ ತಕೊಂಡು ತುಂಬ್ಲಾ, ಒಂದೂ ಉಳಿಸ್ಬೇಡ" ಅಂದೆ. "ಬ್ಯಾಡ ಕಣವ್ವ, ನಾಳೆ ಕೂಸು ಕೇಳಿದ್ರೆ?" ಅಂದ. ಅವನು ಮುಟ್ನಿಲ್ಲ ಅಂತ ನಾನೇ ಕುಂತು ಎಂಬತ್ತಕ್ಕೂ ಅಂಟಿಸ್ದೆ. ಒಂದೊಂದಾಗಿ ಎಲ್ಲ ಸಿನಿಮಾ ಹಾಡಾಗಿ ಹೋದ್ವು. ಇಪ್ಪತ್ತೆರಡು ವರ್ಷ ಆಯ್ತು, ಅವನು ಒಂದು ದಿನ ಆ ಮಾತು ಎತ್ತಾಡಿಲ್ಲ. ಅವನ್ನ ಬೈಬೇಡ. ಸೀಮಂತಕ್ಕೆ ನನ್ನ ಕರೆಯೋದೂ ಬುಡೋದೂ ನಿನ್ನಿಷ್ಟ. ಕರೆದ್ರೆ ಬಂದು ಒಂದು ಮೂಲೇಲಿ ಕೂತಿರ್ತೀನಿ. ಹಾಡು ಅಂತ ಮಾತ್ರ ಅನ್ಬೇಡ.