ಸೋಸುಬಟ್ಟೆಗೆ ಹಾಕಿದ ಗಂಜಿ

ಕಲಬುರಗಿ
ಚೈತ್ರ ಮಾಸದ ಐವತ್ತೆರಡನೆಯ ದಿನ, ೨೨೪೭

ಮನೆಗೊಂದು ತಂಪುಯಂತ್ರ ಇಟ್ಟುಕೊಂಡಿದ್ದ ಹಿರಿಯರಿಗೆ,

ತೇದಿ ನೋಡಿ ಗಾಬರಿಯಾಗಬೇಡಿ. ಬೇಸಿಗೆ ಬೆಳೆದ ಹಾಗೆಲ್ಲ ನಾವು ಚೈತ್ರವನ್ನು ಹಿಗ್ಗಿಸುತ್ತ ಬಂದೆವು. ಈಗ ಅದಕ್ಕೆ ಎಪ್ಪತ್ತು ದಿನ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಶಾಲೆಯಲ್ಲಿ ಕಲಿತದ್ದು, ಅದೂ ಅರೆಬರೆ. ನನ್ನ ಹೆಸರು ಕಾಶಮ್ಮ. ನಮ್ಮ ಓಣಿಯ ಒಂಬತ್ತು ಮನೆಗಳಿಗೆ ನಾನು ಉಸಿರಾಳು, ಅಂದರೆ ಮನೆಮನೆಗೆ ತಂಪು ಬಿಸಿ ಹಂಚುವವಳು. ಇಲ್ಲಿ ಯಾರ ಮುಂದೆಯೂ ಬಾಯಿ ಬಿಡಲಾಗದ ಒಂದು ಕೆಲಸ ಮಾಡಿದ್ದೇನೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಮೇಲಿನ ಹೊಟ್ಟೆಕಿಚ್ಚು ಕಾರಿಕೊಂಡುಬಿಡುತ್ತೇನೆ. ನೀವು ಗುಂಡಿ ಒತ್ತಿ ಹದಿನೆಂಟು ಎಂದು ಹೇಳಿದರೆ ಕೋಣೆ ಹದಿನೆಂಟಕ್ಕೆ ಬಂದು ನಿಲ್ಲುತ್ತಿತ್ತಂತೆ. ಆಮೇಲೆ ಚಳಿಯಾಗುತ್ತದೆಂದು ಮೇಲೆ ರಜಾಯಿ ಹೊದೆಯುತ್ತಿದ್ದಿರಂತೆ! ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಒಳಗಿನ ಜಾಲರಿಯನ್ನು ಎರಡು ವಾರಕ್ಕೊಮ್ಮೆ ತೊಳೆಯಿರಿ ಎಂದು ಬರೆದಿದ್ದರೂ ನಿಮ್ಮಲ್ಲಿ ಬಹಳ ಜನ ಮುಟ್ಟುತ್ತಿರಲಿಲ್ಲವಂತೆ. ಧೂಳು ಕಟ್ಟಿ, ನೀರು ಗೋಡೆಗೆ ಇಳಿದಾಗ ಮೆಕ್ಯಾನಿಕ್‌ನನ್ನು ಕರೆದು ಅವನನ್ನೇ ಬೈಯುತ್ತಿದ್ದಿರಂತೆ. ಅಂಥ ಸೋಮಾರಿತನ ಒಂದೇ ಒಂದು ಬೇಸಿಗೆಯ ಮಟ್ಟಿಗೆ ನನಗೂ ಸಿಕ್ಕಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೆ.

ನಮ್ಮದು ನೆಲದುಸಿರು. ಓಣಿ ಶುರುವಾಗುವಲ್ಲಿ ನಲವತ್ತು ಅಡಿ ಆಳದ ಒಣಬಾವಿ ಇದೆ. ಅದರ ತಳದ ತಣ್ಣನೆ ಗಾಳಿ ಮಣ್ಣಿನ ಕೊಳವೆಗಳಲ್ಲಿ ಹರಿದು ಮನೆಗಳಿಗೆ ಬರುತ್ತದೆ. ಅದನ್ನು ಎಳೆಯುವುದು ಮಾಳಿಗೆಯ ಮೇಲಿನ ಕಪ್ಪು ಗೂಡು: ಬಿಸಿಲಿಗೆ ಅದು ಕಾದಷ್ಟೂ ಒಳಗಿನ ಸೆಕೆ ಮೇಲೆ ಹೋಗುತ್ತದೆ, ಕೆಳಗಿನಿಂದ ತಂಪು ಬರುತ್ತದೆ. ಮಾಗಿಯ ಚಳಿ ಬಂದಾಗ ಕೊಳವೆಯೊಳಗಿನ ತಟ್ಟೆಗಳನ್ನು ತಿರುಗಿಸಿ ಗೂಡಿನ ಬಿಸಿಯನ್ನೇ ಒಳಗೆ ಇಳಿಸುತ್ತೇವೆ. ತಟ್ಟೆಯ ಕೀಲಿಗೆ ಎಣ್ಣೆ ಹಾಕುವುದು, ಕೊಳವೆಯ ಜೇಡರಬಲೆ ತೆಗೆಯುವುದು, ಗೂಡಿನ ಬಿರುಕಿಗೆ ಸುಣ್ಣ ಮೆತ್ತುವುದು, ಎಲ್ಲ ನನ್ನ ಕೆಲಸ. ಗೂಡು ಕೊಳವೆಗಳ ಬೀಗದ ಕೈ ನನ್ನ ಸೊಂಟದಲ್ಲಿರುತ್ತದೆ.

ಪ್ರತಿ ಮನೆಯ ಕೊಳವೆಯ ಬಾಯಿಗೆ ಸೋಸುಬಟ್ಟೆ ಕಟ್ಟುತ್ತೇವೆ, ಇಲ್ಲದಿದ್ದರೆ ಕರಿಮಣ್ಣಿನ ಧೂಳು ಒಳಗೆ ನುಗ್ಗುತ್ತದೆ. ಆ ಬಟ್ಟೆ ಮನೆಯ ಹಿರಿಯ ಹೆಂಗಸು ಉಟ್ಟು ಹಳತಾದ ಸೀರೆಯೇ ಆಗಬೇಕು ಎಂಬುದು ಪದ್ಧತಿ. ಎಂಟು ದಿನಕ್ಕೊಮ್ಮೆ ನಾನು ಒಂಬತ್ತನ್ನೂ ಬಿಚ್ಚಿ, ತೊಳೆದು, ಒಣಗಿಸಿ, ಮತ್ತೆ ಕಟ್ಟುತ್ತೇನೆ. ಸೀರೆ ಸವೆದಷ್ಟೂ ಗಾಳಿ ಸಲೀಸು. ನನ್ನ ಅತ್ತೆ ಬೇಗ ಹೋದರು, ಅವರ ಸೀರೆಗಳೂ ಉಳಿಯಲಿಲ್ಲ. ಹಾಗಾಗಿ ನಮ್ಮ ಕೊಳವೆಗೆ ನನ್ನದೇ ದಪ್ಪ ಸೀರೆ.

ಪಕ್ಕದ ಮನೆ ಇಂದುಬಾಯಿಯದು, ಓಣಿಯಲ್ಲೇ ಕೊನೆಯದು, ಬಾವಿಗೆ ಎಲ್ಲಕ್ಕಿಂತ ದೂರ. ಲೆಕ್ಕದ ಪ್ರಕಾರ ಅಲ್ಲಿಗೆ ಎಲ್ಲರಿಗಿಂತ ಕಡಿಮೆ ತಂಪು ಹೋಗಬೇಕು. ಆದರೆ ಆಕೆಯ ಅತ್ತೆ ತಾರಾಬಾಯಿಗೆ ತೊಂಬತ್ತೊಂದು. ಅವರ ಇಳಕಲ್ ಸೀರೆ ಅರವತ್ತು ವರ್ಷ ಸವೆದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದೆ. ಏನೂ ಮಾಡದೆ ಕುಳಿತ ಇಂದುಬಾಯಿಯ ಪಡಸಾಲೆ ಓಣಿಗೆಲ್ಲ ತಂಪು! ದುಡಿಯುವವಳು ನಾನು, ಬೆವರುವವಳೂ ನಾನು. ಮಧ್ಯಾಹ್ನವಾದರೆ ನನ್ನ ಮಗಳು ಸುಗಂಧಿ ಕೂಡ ಚಾಪೆ ಎತ್ತಿಕೊಂಡು ಅಲ್ಲಿಗೇ ಓಡುತ್ತಾಳೆ. "ಅವ್ವಾ, ಅಲ್ಲಿ ಮಸ್ತ್ ನಿದ್ದಿ ಬರ್ತದ" ಎಂದು ನನಗೇ ಹೇಳುತ್ತಾಳೆ. ಆ ಮಾತು ಕೇಳಿದಾಗಲೆಲ್ಲ ಮೈಯೆಲ್ಲ ಉರಿಯುತ್ತಿತ್ತು.

ಹೋದ ವಾರ ಬಟ್ಟೆ ತೊಳೆಯುವಾಗ ಒಲೆಯ ಪಕ್ಕ ಅನ್ನ ಬಸಿದ ಗಂಜಿ ಇತ್ತು. ತಾರಾಬಾಯಿಯ ಸೀರೆಯನ್ನು ಅದರಲ್ಲಿ ಅದ್ದಿ ಹಿಂಡಿದೆ. ಒಣಗಿದಾಗ ಹಪ್ಪಳದಂತೆ ಗರಿಗರಿಯಾಯಿತು. ಕೊಳವೆಗೆ ಕಟ್ಟಿ, ಅಂಗೈ ಹಿಡಿದು ನೋಡಿದೆ. ಗಾಳಿ ಬರಲೋ ಬೇಡವೋ ಎನ್ನುವಂತಿತ್ತು. ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ಬಹಳ ಖುಷಿಯಾಯಿತು.

ಮೂರನೆಯ ದಿನ ಇಂದುಬಾಯಿ ಬಂದು, "ವೈನಿ, ನಮ್ಮನ್ಯಾಗ ಗಾಳೀನೇ ಬರವಲ್ದು ನೋಡ್ರಿ" ಎಂದಳು. ಕೊಳವೆಯ ದೋಷವಿರಬೇಕು, ನೋಡುತ್ತೇನೆ ಎಂದೆ, ನೋಡಲಿಲ್ಲ. ಐದನೆಯ ದಿನ ನಡುಮಧ್ಯಾಹ್ನ ತಾರಾಬಾಯಿ ಕುಳಿತಲ್ಲೇ ಕುಸಿದರು. ಈಗ ಹತ್ತಿರದಲ್ಲಿ ಅಷ್ಟಿಷ್ಟು ತಂಪಿದ್ದದ್ದು ನನ್ನ ಮನೆಯೇ, ಅಲ್ಲಿಗೇ ಎತ್ತಿ ತಂದರು. ಒದ್ದೆ ಬಟ್ಟೆಯಲ್ಲಿ ನಾನೇ ಅವರ ಕಾಲು ಒರೆಸಿದೆ. ಇಂದುಬಾಯಿ ಅಳುತ್ತ, ನೀವಿದ್ದುದಕ್ಕೆ ಅತ್ತೆ ಉಳಿದರು ಎಂದು ನನ್ನ ಕೈಯನ್ನೇ ಹಿಡಿದುಕೊಂಡಳು.

ಅವಳು ನೀರು ತರಲು ಹೋದಾಗ ಮುದುಕಿ ಕಣ್ಣು ಬಿಟ್ಟರು. "ಗಂಜಿ ವಾಸನಿ ನನಗ ಗೊತ್ತಾಗಂಗಿಲ್ಲೇನ ಕಾಶಿ? ಅರವತ್ತು ವರ್ಷ ನಾನೇ ಗಂಜಿ ಹಾಕಿ ಉಟ್ಟ ಸೀರಿ ಅದು. ಸೊಸಿಗೆ ಹೇಳಿಲ್ಲ, ಹೇಳೂದೂ ಇಲ್ಲ. ಈ ಸಲ ಬಿಸಿನೀರಾಗ ತೊಳಿ, ಸಾಕು" ಎಂದರು. ಆ ಹೊತ್ತಿಗೇ ಹೋಗಿ ಬಟ್ಟೆ ಬಿಚ್ಚಿ ತೊಳೆದೆ.

ಇನ್ನೊಬ್ಬರ ಉಸಿರು ಕಟ್ಟಿದ ಉಸಿರಾಳಿನ ಕೈಯಿಂದ ಬೀಗದ ಕೈ ಕಸಿದು, ಅವಳ ಮನೆಯ ಕೊಳವೆಯನ್ನು ಒಂದು ಬೇಸಿಗೆ ಮುಚ್ಚಬೇಕು ಎಂಬುದು ಓಣಿಯ ಕಟ್ಟಳೆ. ತಾರಾಬಾಯಿ ಸುಮ್ಮನಿದ್ದರೆ ನಾನು ಬಚಾವು. ಆದರೆ ನನ್ನ ಹೊಟ್ಟೆ ಈಗ ಮೊದಲಿಗಿಂತ ಹೆಚ್ಚು ಉರಿಯುತ್ತಿದೆ. ತಂಪೂ ಅವರ ಮನೆಯಲ್ಲೇ, ದೊಡ್ಡ ಮನಸ್ಸೂ ಅವರ ಮನೆಯಲ್ಲೇ! ಒಳ್ಳೆಯದೆಲ್ಲ ಆ ಒಂದೇ ಮನೆಗೆ ಸೇರಬೇಕೇ? ಒಂದಾದರೂ ನನ್ನ ಪಾಲಿಗಿರಲಿ. ಇಂದು ಸಂಜೆ ಬಾವಿಕಟ್ಟೆಯ ಮೇಲೆ ಓಣಿ ಸೇರುತ್ತದೆ. ಎಲ್ಲರ ಮುಂದೆ ನಾನೇ ಹೇಳುತ್ತೇನೆ. ಒಳ್ಳೆಯವಳಾಗಿ ಹೇಳುತ್ತಿಲ್ಲ, ಆ ಮುದುಕಿಯ ಋಣದಲ್ಲಿ ಬಾಳಲಾರದೆ ಹೇಳುತ್ತಿದ್ದೇನೆ.

ನಿಮ್ಮಲ್ಲಿ ಒಂದು ವಿನಂತಿ. ನಿಮ್ಮ ಯಂತ್ರ ಒಳಗಿನ ಬಿಸಿಯನ್ನು ಹೊರಗೆ ಊದುತ್ತದಂತೆ. ಒಮ್ಮೆ ಎದ್ದು ಹೊರಗೆ ಹೋಗಿ, ಅದು ಯಾರ ಕಿಟಕಿಗೆ ಮುಖ ಮಾಡಿದೆ ನೋಡಿ. ಆ ಮನೆಯವರು ಇಷ್ಟು ದಿನ ಸುಮ್ಮನಿದ್ದಾರೆ ಎಂದರೆ ಅವರಿಗೆ ಗೊತ್ತಿಲ್ಲ ಎಂದಲ್ಲ.

ಇಂತಿ,
ಕಾಶಮ್ಮ
ಈ ಸಂಜೆಯವರೆಗೆ ಉಸಿರಾಳು