ಫೆಬ್ರವರಿ ಹತ್ತೊಂಬತ್ತರಂದು ಮಳೆ ಬಂದಿರಲಿಲ್ಲ

ಮಾನ್ಯ ಮಾಹಿತಿ ಅಧಿಕಾರಿಗಳೇ,

ಮಾಹಿತಿ ಕೊಡದಿದ್ದರೂ ತಮ್ಮ ಹುದ್ದೆಯ ಹೆಸರು ಅದೇ ಆಗಿರುವುದರಿಂದ ಹಾಗೆಯೇ ಕರೆಯುತ್ತಿದ್ದೇನೆ. ಈಗ ಲೋಕಸಭೆಗೆ ನಿಂತಿರುವ ಮಾಜಿ ಶಾಸಕರೊಬ್ಬರು ಸರ್ಕಾರಿ ಜಮೀನು ಯಾರಿಗೆಂದು ತೀರ್ಮಾನಿಸುವ ತಾಲ್ಲೂಕು ಭೂ ಸಮಿತಿಯ ಅಧ್ಯಕ್ಷರಾಗಿದ್ದಾಗ, ಮೂರು ವರ್ಷಗಳ ಹಿಂದಿನ ನವೆಂಬರಿನಲ್ಲಿ ನಡೆಸಿದ ಸಭೆಯ ನಡವಳಿ ಕೊಡಿ ಎಂದು, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ತಮಗೆ ಅರ್ಜಿ ಹಾಕಿದ್ದೆ. ಮೂವತ್ತು ದಿನಗಳಲ್ಲಿ ಬರಬೇಕಾದ ಉತ್ತರ ಐವತ್ತೆರಡನೇ ದಿನ ಬಂತು. 'ಕಳೆದ ವರ್ಷ ಫೆಬ್ರವರಿ 19ರಂದು ಸುರಿದ ಭಾರಿ ಮಳೆಗೆ ಕಚೇರಿಯ ಚಾವಣಿ ಸೋರಿ, ಸದರಿ ನಡವಳಿ ಪುಸ್ತಕವು ಸಂಪೂರ್ಣ ನೆನೆದು ಓದಲು ಬಾರದಂತಾಗಿರುವುದರಿಂದ ಮಾಹಿತಿ ಒದಗಿಸಲು ಅವಕಾಶವಿರುವುದಿಲ್ಲ.' ಸ್ವಾಮಿ, ಇದು ಸುಳ್ಳು. ಸುಳ್ಳೆಂದು ಸುಮ್ಮನೆ ಬೈದು ಹೋಗುವವನಲ್ಲ ನಾನು, ತೋರಿಸುತ್ತೇನೆ.

ಮೊದಲು ನಾನು ಯಾರೆಂದು ತಿಳಿದುಕೊಳ್ಳಿ. ಹಾನುಬಾಳು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಮೂವತ್ತಾರು ವರ್ಷ ರೈಟರ್ ಆಗಿದ್ದೆ. ರೈಟರ್ ಎಂದರೆ ಕಥೆ ಬರೆಯುವವನಲ್ಲ; ಬೆಳಿಗ್ಗೆ ಹಾಜರಿ ಕೂಗಿ, ಯಾರು ಯಾವ ಕೆಲಸಕ್ಕೆ ಹೋದರೆಂದು ಬರೆದಿಡುವವನು. ಕಥೆ ಬರೆಯುವ ಕೆಲಸ ತಮ್ಮ ಕಚೇರಿಯಲ್ಲಿ ನಡೆಯುತ್ತದೆಂದು ಈಗಷ್ಟೇ ಗೊತ್ತಾಯಿತು. ನಮ್ಮ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಓದು ಬಾರದ ಹಿರಿಯರೇ ಹೆಚ್ಚು. ಯಾವ ಕಾಗದ ಬಂದರೂ ರೈಟರೇ ಓದಿ ಹೇಳಬೇಕು. ಆರು ವರ್ಷಗಳ ಹಿಂದೆ ಈ ಅಭ್ಯರ್ಥಿ ಶಾಸಕ ಸ್ಥಾನಕ್ಕೆ ನಿಂತಾಗ ಅವರ ಕರಪತ್ರವನ್ನು ಸ್ಟೋರಿನ ಮುಂದೆ ನಿಂತು ಓದಿದವನು ನಾನೇ. ಎಸ್ಟೇಟಿನ ಪಕ್ಕದ ಐದು ಎಕರೆ ಸರ್ಕಾರಿ ಜಮೀನಿನಲ್ಲಿ ಲೈನಿನವರಿಗೆ ನಿವೇಶನ ಕೊಡಿಸುತ್ತೇನೆ ಎಂದು ಅದರಲ್ಲಿತ್ತು. ಎರಡು ಸಲ ಓದಿದೆ, ದನಿ ಏರಿಸಿ. ಒಂದು ದಿನವೂ ಹಾಜರಿ ತಪ್ಪು ಹಾಕದ ಮನುಷ್ಯ ಓದಿದ್ದಾನಲ್ಲ ಎಂದು ಜನ ನಂಬಿ ಓಟು ಹಾಕಿದರು, ಅವರು ಗೆದ್ದರು. ಆ ಓದಿಗೆ ನನಗೆ ಇವತ್ತಿಗೂ ನಾಚಿಕೆಯಿದೆ.

ಹಾಗೆ ನಂಬಿದವರಲ್ಲಿ ಈರಮ್ಮ ಒಬ್ಬರು. ಮೂವತ್ತು ವರ್ಷ ಕಾಫಿ ಹಣ್ಣು ಕೊಯ್ದ ಕೈ ಅವರದು. ಈಗ ಕೆಲಸದಿಂದ ಬಿಡುಗಡೆಯಾಗಿದೆ. ಅಸ್ಸಾಮಿನಿಂದ ಬರುವ ಹೊಸ ಕೆಲಸಗಾರರಿಗೆ ಮನೆ ಬೇಕು, ಆದ್ದರಿಂದ ಮುಂಗಾರಿಗೆ ಮೊದಲು ಈರಮ್ಮ ಲೈನ್ ಖಾಲಿ ಮಾಡಬೇಕು. ಹೋಗಲು ಇರುವ ಜಾಗವೆಂದರೆ ಆ ಐದು ಎಕರೆಯಲ್ಲಿ ಸಿಗಬಹುದಾದ ಒಂದು ನಿವೇಶನ, ಬೇರೆ ಇಲ್ಲ. ಎರಡು ತಿಂಗಳ ಹಿಂದೆಯೇ ಈ ಸಲದ ಕರಪತ್ರವೂ ಬಂತು. ಹಳೇ ಚಾಳಿಯಂತೆ ಕನ್ನಡಕ ಏರಿಸಿದೆ. ಈರಮ್ಮ ತಡೆದರು.

"ರೈಟ್ರೇ, ಹೋದ್ ಸಲಾನೂ ನೀವೇ ಓದಿದ್ರಿ. ಈ ಸಲ ನಿಜಾನಾ ಸುಳ್ಳಾ ಅಂತ ಒಂಚೂರು ನೋಡ್ಬುಟ್ಟು ಆಮೇಲೆ ಓದಿ."

ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಕರಪತ್ರ ಮಡಿಸಿ ಜೇಬಿಗಿಟ್ಟುಕೊಂಡು ಮನೆಗೆ ಬಂದೆ.

ನೋಡಿದೆ, ಮಾನ್ಯರೇ. ತಮಗೆ ಅರ್ಜಿ ಹಾಕಿ, ಉತ್ತರಕ್ಕೆ ಕಾಯುತ್ತಲೇ ಅಭ್ಯರ್ಥಿ ನಾಮಪತ್ರದ ಜೊತೆ ಕೊಟ್ಟ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ತೆರೆದು ಓದಿದೆ. ಉದ್ಯೋಗ: ಕೃಷಿ ಮತ್ತು ಸಮಾಜಸೇವೆ. ಕೃಷಿ ಎಷ್ಟು ಎಕರೆ ಎಂದು ಬರೆದಿದ್ದಾರೆ, ಸಮಾಜಸೇವೆ ಎಷ್ಟು ಎಂದು ಬರೆದಿಲ್ಲ. ಸದನದಲ್ಲಿ ಐದು ವರ್ಷ ಅವರು ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ವಾರ ಕೂತು ಓದಿದೆ. ಬೆಳೆಗಾರರ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಏಕಿಲ್ಲ ಎಂದು ನಾಲ್ಕು ಸಲ ಗುಡುಗಿದ್ದಾರೆ. ಒತ್ತುವರಿಯಾದ ಸರ್ಕಾರಿ ಜಮೀನನ್ನು ಬೆಳೆಗಾರರಿಗೇ ಗುತ್ತಿಗೆಗೆ ಕೊಡುವುದು ಯಾವಾಗ ಎಂದು ಮೂರು ಸಲ ಕೇಳಿದ್ದಾರೆ. ನಿವೇಶನವಿಲ್ಲದ ಲೈನ್ ಕುಟುಂಬಗಳು ಎಷ್ಟು ಎಂದು ಕೇಳಿದ್ದು ಒಂದೇ ಸಲ. 'ಮಾಹಿತಿ ಸಂಗ್ರಹಿಸಲಾಗುತ್ತಿದೆ' ಎಂಬ ಉತ್ತರ ಸಿಕ್ಕಿದ್ದೇ ಸಮಾಧಾನವಾಗಿ ಕೂತುಬಿಟ್ಟಿದ್ದಾರೆ. ಪಂಪ್‌ಸೆಟ್ಟಿನ ವಿಷಯದಲ್ಲಿ ಈ ಸಮಾಧಾನ ಎಲ್ಲಿ ಹೋಗಿತ್ತೋ!

ಈಗ ಪ್ರಚಾರ ಕೇಳಿ. ಬೆಳಗೋಡಿನ ಬೆಳೆಗಾರರ ಸಭೆಯಲ್ಲಿ ಆ ಐದು ಎಕರೆ ಗುತ್ತಿಗೆಗೆ ಎನ್ನುತ್ತಾರೆ. ಮರುದಿನ ನಮ್ಮ ಲೈನಿಗೆ ಬಂದು ಅದೇ ಐದು ಎಕರೆ ನಿವೇಶನಕ್ಕೆ ಎನ್ನುತ್ತಾರೆ. ಒಂದೇ ಜಮೀನಿನಲ್ಲಿ ಕಾಫಿ ಗಿಡವನ್ನೂ ನೆಟ್ಟು ಈರಮ್ಮನ ಒಲೆಯನ್ನೂ ಹೂಡುವ ವಿದ್ಯೆ ಯಾವುದು? ಬೆಳೆಗಾರರ ಪರ ನಿಲ್ಲುವುದು ಅಪರಾಧವೇನಲ್ಲ. ನಾನೂ ಕಾಫಿಯ ಅನ್ನ ತಿಂದವನು, ಬೆಳೆದವರ ಕಷ್ಟ ಹತ್ತಿರದಿಂದ ಕಂಡವನು. ಯಾರ ಪರವೋ ಅದನ್ನು ಹೇಳಿ ಓಟು ಕೇಳಲಿ ಎನ್ನುವುದಷ್ಟೇ ನನ್ನ ತಕರಾರು. ಬಾಯಿಂದ ಇಬ್ಬರಿಗೂ ಹೂಂ ಅನ್ನಬಹುದು, ಸಭೆಯಲ್ಲಿ ಸಹಿ ಹಾಕುವಾಗ ಒಬ್ಬರಿಗೇ ಹಾಕಬೇಕು. ಆ ಐದು ಎಕರೆ ಯಾರಿಗೆ ಎಂದು ತೀರ್ಮಾನವಾದದ್ದು ನವೆಂಬರಿನ ಆ ಸಭೆಯಲ್ಲಿ, ಏನೆಂದು ಇಂದಿಗೂ ಹೊರಬಿದ್ದಿಲ್ಲ. ಅವರ ಸಹಿ ಇರುವುದು ತಮ್ಮ ನಡವಳಿ ಪುಸ್ತಕದಲ್ಲಿ.

ತಮ್ಮ ಪತ್ರ ಕೈಯಲ್ಲಿ ಹಿಡಿದು ಕಚೇರಿಗೆ ಬಂದಿದ್ದೆ. ತಾವು ಮೀಟಿಂಗಿನಲ್ಲಿದ್ದಿರಂತೆ. ಕೇಸ್ ವರ್ಕರ್ ಕಂಪ್ಯೂಟರಿನಿಂದ ತಲೆ ಎತ್ತದೆ, "ನೆಂದು ಮುದ್ದೆ ಆಗೋಗ್ಬುಟ್ಟೈತೆ ಕಣ್ರೀ, ಏನ್ ಓದ್ತೀರಿ ಅದ್ರಲ್ಲಿ? ಎಲೆಕ್ಷನ್ ಮುಗೀಲಿ, ಬನ್ನಿ" ಎಂದರು. ನೆನೆದ ಪುಸ್ತಕ ಎಲೆಕ್ಷನ್ ಮುಗಿದ ಮೇಲೆ ಹೇಗೆ ಒಣಗುತ್ತದೆ ಎಂದು ಕೇಳಿದೆ. ಅವರು ಊಟಕ್ಕೆ ಎದ್ದರು.

ಇನ್ನು ಆ ಮಳೆ. ತಾವು ವರ್ಗವಾಗಿ ಬಂದು ಎಷ್ಟು ತಿಂಗಳಾಯಿತೋ ತಿಳಿಯದು, ಆದರೆ ಯಾರಾದರೂ ತಮಗೆ ಬುದ್ಧಿ ಹೇಳಬೇಕಿತ್ತು. ಈ ಸೀಮೆಯಲ್ಲಿ ಸುಳ್ಳು ಹೇಳುವುದಿದ್ದರೆ ಇಲಿಯ ಮೇಲೆ ಹೇಳಬೇಕು, ಗೆದ್ದಲಿನ ಮೇಲೆ ಹೇಳಬೇಕು, ಮಳೆಯ ಮೇಲೆ ತಾರೀಕು ಹಾಕಿ ಹೇಳಬಾರದು. ಇಲ್ಲಿನ ಎಸ್ಟೇಟುಗಳಲ್ಲಿ ಮಳೆ ಅಳೆಯುವ ಡಬ್ಬವಿರುತ್ತದೆ. ದಿನಾ ಬೆಳಿಗ್ಗೆ ಅದರ ನೀರು ಅಳೆದು ಮಳೆ ಪುಸ್ತಕದಲ್ಲಿ ಬರೆಯುತ್ತಾರೆ, ಇಂಚಿಗೆ ನೂರು ಸೆಂಟಿನಂತೆ. ಬಾರದ ದಿನ ಸೊನ್ನೆ. ಕೆಲಸ ಬಿಟ್ಟರೂ ಈ ಚಟ ನನ್ನನ್ನು ಬಿಟ್ಟಿಲ್ಲ, ಮನೆಯಂಗಳದಲ್ಲೂ ಒಂದು ಡಬ್ಬ ನೆಟ್ಟಿದ್ದೇನೆ. ಕಳೆದ ವರ್ಷ ಫೆಬ್ರವರಿ 19ರ ಮುಂದೆ ನನ್ನ ಪುಸ್ತಕದಲ್ಲಿರುವುದು ಸೊನ್ನೆ. ಆ ತಿಂಗಳ ಎಲ್ಲ ದಿನಗಳ ಮುಂದೆಯೂ ಸೊನ್ನೆ. ಅದೂ ಎಂಥ ತಿಂಗಳು! ಕಾಫಿ ಮೊಗ್ಗು ಕಟ್ಟಿಕೊಂಡು, ಅದನ್ನು ಅರಳಿಸುವ ಹೂಮಳೆಗೆ ಕಾಯುವ ತಿಂಗಳು. ನಾಲ್ಕು ಹನಿ ಬಿದ್ದರೂ ಊರೂರಿಗೆ ಫೋನು ಹೋಗುತ್ತದೆ. ಕಳೆದ ವರ್ಷ ಹೂಮಳೆ ಬಂದದ್ದು ಮಾರ್ಚ್ 23ಕ್ಕೆ, ಎಂಬತ್ತೈದು ಸೆಂಟ್. ಮಗಳ ಮದುವೆ ತಾರೀಕು ಮರೆತವರೂ ಇಲ್ಲಿ ಇದನ್ನು ಮರೆಯುವುದಿಲ್ಲ.

ನನ್ನ ಅಂಗಳಕ್ಕೆ ಬೀಳದ ಮಳೆ ತಮ್ಮ ಚಾವಣಿಯನ್ನಷ್ಟೇ ಹುಡುಕಿಕೊಂಡು ಬಂದಿರಬಹುದು ಎಂದು ತಾವು ವಾದಿಸಬಹುದು. ಆದ್ದರಿಂದ ತಮ್ಮ ಕಚೇರಿಯ ಹಿಂದಿನ ತೋಟದ ರೈಟರ್ ಗುಂಡಯ್ಯನನ್ನೂ ಕೇಳಿದೆ. ಅವನು ಪುಸ್ತಕ ತೆಗೆದು ತೋರಿಸಿದ. ಸೊನ್ನೆ.

"ಅವತ್ತು ಮಳೆ ಬಂದಿದ್ರೆ ನಾವ್ಯಾಕ್ ಮಾರಾಯ ಮೋಟ್ರು ಹಚ್ತಿದ್ವಿ? ಸ್ಪ್ರಿಂಕ್ಲರ್ ಬುಟ್ಟು ಬುಟ್ಟು ಹಳ್ಳ ಒಣಗೋಗಿತ್ತು" ಎಂದು ನಕ್ಕ.

ಪಕ್ಕದ ತೋಟ ನೀರಿಲ್ಲದೆ ಒಣಗುವಾಗ ತಮ್ಮ ಕಪಾಟು ಮಾತ್ರ ನೆನೆಯಿತೇ? ಹಾಗಿದ್ದರೆ ಆ ಚಾವಣಿಯನ್ನು ಬೆಳೆಗಾರರಿಗೆ ಬಾಡಿಗೆಗೆ ಕೊಡಿ, ಪುಣ್ಯ ಬರುತ್ತದೆ.

ಈ ವಿಷಯ ಹೇಳಿದಾಗ ಈರಮ್ಮ ಒಳಗಿನಿಂದ ಅಕ್ಕಿ ಡಬ್ಬ ತಂದರು. ಅದರೊಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ನಿವೇಶನದ ಅರ್ಜಿಗೆ ತಮ್ಮದೇ ಕಚೇರಿ ಕೊಟ್ಟ ಸ್ವೀಕೃತಿ ಚೀಟಿ. ಅವರ ಲೈನ್ ಮನೆ ನಿಜವಾಗಿಯೂ ಸೋರುತ್ತದೆ. "ಐದು ಮಳೆಗಾಲ ಕಂಡೈತೆ ನೋಡಿ ಇದು. ಒಂದು ಅಕ್ಸರ ಹೋಗಿಲ್ಲ. ಅವ್ರಿಗೆ ಒಂದು ಡಬ್ಬ ಇರ್ನಿಲ್ವಾ?" ಎಂದು ಕೇಳಿದರು. ಉತ್ತರ ಕೊಡಬೇಕಾದವರು ತಾವು.

ನನ್ನ ಬೇಡಿಕೆ ದೊಡ್ಡದಲ್ಲ. ಶನಿವಾರದ ಒಳಗೆ ಆ ನಡವಳಿಯ ಪ್ರತಿ ಕೊಡಿ. ನೆನೆದಿರುವುದೇ ನಿಜವಾದರೆ ನೆನೆದ ಪುಸ್ತಕವನ್ನೇ ನನ್ನ ಮುಂದಿಡಿ. ಮೂವತ್ತಾರು ಮಳೆಗಾಲ ಕೊಡೆಯಡಿ ನಿಂತು ಹಾಜರಿ ಬರೆದು, ಮುದ್ದೆಯಾದ ಹಾಳೆಗಳನ್ನು ಒಲೆಯ ಮೇಲೆ ಒಣಗಿಸಿ ಓದಿದವನು ನಾನು. ಅಧ್ಯಕ್ಷರ ಸಹಿ ಯಾವ ತೀರ್ಮಾನದ ಕೆಳಗಿದೆ ಎಂದು ಓದಿಕೊಳ್ಳುವಷ್ಟು ಕಣ್ಣು ಇನ್ನೂ ಇದೆ.

ಮುಂದಿನ ಶುಕ್ರವಾರ ಮತದಾನ. ಈ ಭಾನುವಾರ ಲೈನಿನವರಿಗೆ ರಜೆ, ಎಲ್ಲರೂ ಸ್ಟೋರಿನ ಮುಂದೆ ಸೇರುತ್ತಾರೆ, ನಾನು ಓದಲೇಬೇಕು. ತಾವು ನಡವಳಿ ಕೊಟ್ಟರೆ ಅದನ್ನು ಓದುತ್ತೇನೆ, ಅದರಲ್ಲಿ ಅಭ್ಯರ್ಥಿಗೆ ಒಳ್ಳೆಯದೇ ಇದ್ದರೂ ಎರಡು ಸಲ ಓದುತ್ತೇನೆ. ಕೊಡದಿದ್ದರೆ ತಮ್ಮ ಪತ್ರ ಓದುತ್ತೇನೆ, ಆಮೇಲೆ ಮಳೆ ಪುಸ್ತಕದ ಫೆಬ್ರವರಿ ಪುಟವನ್ನು ಒಂದನೇ ತಾರೀಕಿನಿಂದ ಓದುತ್ತೇನೆ. ಸೊನ್ನೆ ಎಂದರೇನೆಂದು ಲೈನಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹಾಜರಿಯಲ್ಲಿ ಅದು ಬಿದ್ದ ದಿನ ಅವರ ಮನೆಯಲ್ಲಿ ಒಲೆ ಉರಿದಿಲ್ಲ.

ಇಂತಿ,
ಒಮ್ಮೆ ನೋಡದೆ ಓದಿದ ತಪ್ಪಿಗೆ ಈಗ ನೋಡಿಯೇ ಓದಬೇಕೆಂದು ಅಲೆಯುತ್ತಿರುವ
ತೋಟಪ್ಪ, ನಿವೃತ್ತ ಎಸ್ಟೇಟ್ ರೈಟರ್
(ಇಂದಿನ ಮಳೆ: ಸೊನ್ನೆ)