ಅಣ್ಣ ಇಟ್ಟುಕೊಂಡಿದ್ದ ಹೆಸರು

ಭಾನುವಾರ, ೧೬ ಫೆಬ್ರವರಿ

ಅಣ್ಣ ನನ್ನ ಹೆಸರನ್ನೇ ಯಾಕೆ ಆರಿಸಿಕೊಂಡ? ಮಧ್ಯಾಹ್ನದಿಂದ ಅದೇ ತಲೆಯಲ್ಲಿ.

ಮಾರೇನಹಳ್ಳಿಯ ಆ ಕ್ಲಿನಿಕ್ಕಿಗೆ ಹೋಗಿದ್ದೆ. ಗಂಡಸರನ್ನು ಪ್ರೀತಿಸುವ ಗಂಡಸರಿಗೆ ರಕ್ತ ಪರೀಕ್ಷೆ, ಔಷಧಿ, ಸಲಹೆ ಕೊಡುವ ಜಾಗ. ಅಣ್ಣ ಅಲ್ಲಿಗೆ ಹೋಗುತ್ತಿದ್ದುದು ನನಗೆ ತಿಳಿದದ್ದೇ ಅವನು ತೀರಿಕೊಂಡ ಮೇಲೆ. ಈಗ ಕ್ಲಿನಿಕ್ಕಿನ ಇತಿಹಾಸ ಬರೆಯುತ್ತಿದ್ದಾರೆಂದು ನನ್ನನ್ನು ಕರೆಸಿದ್ದರು.

ಅದನ್ನು ನಡೆಸುವ ಏಕಾಂತಯ್ಯನವರು ಹೆಸರು ಕೇಳಿದರು. ಭೈರೇಶನ ತಮ್ಮ, ಮಧುಕುಮಾರ್ ಎಂದೆ. ಒಳಗಿದ್ದವರೆಲ್ಲ ನನ್ನತ್ತ ತಿರುಗಿದರು. ಒಬ್ಬರು, "ಅಯ್ಯೋ, ಒರಿಜಿನಲ್ ಮಧು ನೀವಾ ಸಾರ್? ನಮ್ಮ ಹತ್ರ ಇದ್ದಿದ್ದು ಡೂಪ್ಲಿಕೇಟಾ!" ಎಂದು ನಕ್ಕು, ಆಮೇಲೆ ಕಣ್ಣೊರೆಸಿಕೊಂಡರು.

ಹದಿನೆಂಟು ವರ್ಷದ ಹಿಂದೆ, ಕ್ಲಿನಿಕ್ಕಿಗೆ ಎರಡೇ ಕೋಣೆ ಇದ್ದಾಗ, ಪೊಲೀಸರ ಭಯಕ್ಕೆ ಯಾರೂ ನಿಜವಾದ ಹೆಸರು ಹೇಳುತ್ತಿರಲಿಲ್ಲವಂತೆ. ಅಣ್ಣ ಅಲ್ಲಿ ಮಧು ಆದ. ಮೊದಲ ಸಲ ಬಂದು ನಡುಗುವವರ ಪಕ್ಕ ಕೂತು, ರಿಪೋರ್ಟ್ ಬರುವ ತನಕ ನಗಿಸುತ್ತಿದ್ದನಂತೆ. ಮನೆಯಲ್ಲಿ ಇನ್ನಷ್ಟು ಸಾರು ಬೇಕು ಎನ್ನುವುದಕ್ಕೂ ಅವನು ಬಾಯಿ ಬಿಡುತ್ತಿರಲಿಲ್ಲ.

"ಪುಸ್ತಕದಲ್ಲಿ ಯಾವ ಹೆಸರು ಹಾಕೋಣ?" ಎಂದು ಏಕಾಂತಯ್ಯನವರು ಕೇಳಿದರು. ಭೈರೇಶ್ ಎಂದು ಹಾಕಿದರೆ ಅವನು ಬಚ್ಚಿಟ್ಟದ್ದು ನೆಂಟರಿಗೆಲ್ಲ ತಿಳಿಯುತ್ತದೆ. ಈಗ ಅವನನ್ನು ಕೇಳುವ ಹಾಗಿಲ್ಲ.

"ಮಧು ಅಂತಾನೇ ಇರ್ಲಿ ಸಾರ್."

"ಓದಿದೋರು ಅದು ನೀವೇ ಅನ್ಕೊಂಡ್ಬಿಡ್ತಾರೆ ಕಣ್ರೀ."

"ಅನ್ಕೊಳ್ಲಿ ಬಿಡಿ."

ಏನು ಹೇಳಿ ನಗಿಸುತ್ತಿದ್ದ ಎಂದು ಕೇಳುವುದನ್ನೇ ಮರೆತೆ. ನನ್ನ ಹೆಸರಿನಲ್ಲಿ ಅಷ್ಟು ವರ್ಷ ಅಷ್ಟೊಂದು ಮಾತಾಡಿದ್ದಾನೆ, ನನಗೆ ಮಾತ್ರ ಅದರಲ್ಲಿ ಒಂದೂ ಗೊತ್ತಿಲ್ಲ.